ಅಕ್ಕನ ಹಿಮ್ಮಡಿ

ನಾನು ಚಿಕ್ಕವನಿದ್ದಾಗ ನಮ್ಮ ಕಡೆ ಕಾವೇರಿಗೆ ಸೇತುವೆ ಇರಲಿಲ್ಲ. ಹೊಳೆ ನಡುವಿನ ತಿಟ್ಟಿನ ಮೇಲೆ ಒಂದು ಪುಟ್ಟ ಹಳ್ಳಿಯಿತ್ತು. ಅಲ್ಲಿಗೆ ಹೋಗಬೇಕಾದರೆ ಹರಿಗೋಲೇ ಗತಿ. ಬಿದಿರು ಹೆಣೆದು ಎಮ್ಮೆಯ ತೊಗಲು ಹೊದಿಸಿದ ದೊಡ್ಡ ಬುಟ್ಟಿ ಅದು.

ನಮ್ಮದು ಕಮ್ಮಾರರ ಮನೆ. ಮುಂಗಾರಿನ ಮೊದಲ ಮಳೆ ಬಿದ್ದಿತ್ತು. ಆ ಹಳ್ಳಿಯವರ ನೇಗಿಲ ಕುಳಗಳನ್ನೆಲ್ಲ ಅಪ್ಪ ಕಾಯಿಸಿ, ಬಡಿದು, ಮೊನೆ ಮಾಡಿದ್ದ. ಅವು ತಲುಪದೆ ಅಲ್ಲಿ ಉಳುಮೆಯಿಲ್ಲ. ಯುದ್ಧದ ಕಾಲ ಬೇರೆ. ಕಬ್ಬಿಣವೆಲ್ಲ ಪಟ್ಟಣದ ಕೋಟೆಗೆ ಹೋಗುತ್ತಿತ್ತು. ಒಂದು ಕುಳ ಕಳೆದರೆ ಇನ್ನೊಂದು ಸಿಗುತ್ತಿರಲಿಲ್ಲ. ಹಳ್ಳಿ ನೋಡುವ ಆಸೆಗೆ ಅಕ್ಕನೂ ನಾನೂ ಅಪ್ಪನ ಜೊತೆ ಹೊರಟೆವು.

ಬೆಳಗಿನ ಹೊಳೆ ತಣ್ಣಗಿತ್ತು. ಪಾಚಿಯ ವಾಸನೆ, ನೆನೆದ ತೊಗಲಿನ ವಾಸನೆ. ಮರಗಳ ತುಂಬ ಬೆಳ್ಳಕ್ಕಿ. ನೀರುನಾಯಿಯೊಂದು ಮೀನು ಕಚ್ಚಿಕೊಂಡು ತಲೆಯೆತ್ತಿ, ನಮ್ಮನ್ನು ನೋಡಿ ಮುಳುಗಿತು. ಬಂಡೆಗಳ ಮೇಲೆ ಮೊಸಳೆಗಳು ಬಾಯಿ ತೆರೆದು ಬಿಸಿಲಿಗೆ ಬಿದ್ದಿದ್ದವು.

ಗಾಡಿಯಲ್ಲಿ ಕುಳಗಳನ್ನು ಮೊನೆ ಕೆಳಗೆ ಮಾಡಿ ನಿಲ್ಲಿಸುವುದು ನಮ್ಮ ರೂಢಿ. ಯಾರ ಮೈಗೂ ತಾಗಬಾರದಲ್ಲ. ಕೈಗೆ ಅಂಟಿದ ಅಭ್ಯಾಸ, ಅಪ್ಪ ಹರಿಗೋಲಿನಲ್ಲೂ ಹಾಗೇ ನಿಲ್ಲಿಸಿದ್ದ. ನಡುಹೊಳೆಯ ಸುಳಿಯಲ್ಲಿ ಹರಿಗೋಲು ಗಿರ್ರನೆ ತಿರುಗಿದಾಗ ಒಂದು ಕುಳ ಜಾರಿ ತೊಗಲನ್ನು ಸೀಳಿತು. ನೀರು ಬುಗ್ಗೆಯಂತೆ ಎದ್ದಿತು. ನಾನು ಸೋರೆಬುರುಡೆಯಲ್ಲಿ ಮೊಗೆದು ಮೊಗೆದು ಚೆಲ್ಲಿದೆ. ಆದರೂ ನೀರು ಮೊಣಕಾಲಿಗೆ ಏರುತ್ತಲೇ ಇತ್ತು.

"ಕಬ್ಣ ಎಸ್ದ್‌ಬುಡಿ ಆಚಾರ್ರೆ, ಮಕ್ಳವೆ," ಎಂದ ಅಂಬಿಗ.

ಅಪ್ಪ ಒಂದು ಕುಳ ಎತ್ತಿದ. ಕೈ ಹೊಳೆಯ ಕಡೆ ಚಾಚಿತು, ಅಲ್ಲೇ ನಿಂತಿತು. ಇದನ್ನು ಎಸೆದರೆ ಅವರು ಏನು ಕಟ್ಟಿಕೊಂಡು ಉಳುತ್ತಾರೆ ಎಂದು ತನ್ನಲ್ಲೇ ಗೊಣಗಿದ.

ಅಷ್ಟರಲ್ಲಿ ಅಕ್ಕ ಸೀಳಿನೊಳಕ್ಕೆ ಬಲಗಾಲಿನ ಹಿಮ್ಮಡಿ ಊರಿ ಕೂತಳು. "ಎಸೀಬ್ಯಾಡ ಕಣಪ್ಪ. ಅದುಮ್ಕಂಡಿವ್ನಿ."

ನೀರು ನಿಂತಿತು. ಆದರೆ ಹಿಮ್ಮಡಿ ತೊಗಲಿನ ಆಚೆ, ಹೊಳೆಯಲ್ಲಿತ್ತು. ಅದೇ ಹೊತ್ತಿಗೆ ಬಂಡೆಯ ಮೇಲಿನ ಒಂದು ಮೊಸಳೆ ಸದ್ದಿಲ್ಲದೆ ನೀರಿಗೆ ಜಾರಿತು.

ಕಾಲು ತೆಗೆ ಮಗಳೇ ಎಂದು ಅಪ್ಪ ಬೇಡಿಕೊಂಡ. ಅಕ್ಕ ತಲೆ ಅಲ್ಲಾಡಿಸಿದಳು. ಅಪ್ಪ ಇನ್ನೊಂದು ಹುಟ್ಟು ಹಿಡಿದು ಎಳೆಯತೊಡಗಿದ.

"ಯದ್ರಬ್ಯಾಡ ಕಣವ್ವ," ಎಂದ ಅಂಬಿಗ. "ನಿಮ್ಮಪ್ಪ ಬಡ್ದಿರೋ ಕಾಲ್‌ಕಡಗ ಯಾವ ಮೊಸ್ಳೆಗೂ ಅರಗಕ್ಕಿಲ್ಲ." ಯಾರೂ ನಗಲಿಲ್ಲ.

ಹರಿಗೋಲಿನ ತಳಕ್ಕೆ ಏನೋ ಉಜ್ಜಿತು. ಅಕ್ಕ ಕಣ್ಣು ಮುಚ್ಚಿದಳು. ಕಾಲು ಮಾತ್ರ ತೆಗೆಯಲಿಲ್ಲ. ಮತ್ತೊಮ್ಮೆ ಉಜ್ಜಿತು. ಅದು ತಿಟ್ಟಿನ ಮರಳು.

ಕಾಲು ಮರಗಟ್ಟಿ ಅಕ್ಕನಿಗೆ ಎದ್ದು ನಿಲ್ಲಲು ಆಗಲಿಲ್ಲ. ಅಷ್ಟು ಜೋಪಾನ ಮಾಡಿದ ಕುಳಗಳನ್ನು ದಡದಲ್ಲೇ ಬಿಟ್ಟು, ಅಪ್ಪ ಅವಳನ್ನು ಹೆಗಲ ಮೇಲೆ ಹೊತ್ತು ಊರೊಳಕ್ಕೆ ನಡೆದ.

ಮೊಮ್ಮಕ್ಕಳೇ, ನಮ್ಮ ಮನೆಯಲ್ಲಿ ಅಕ್ಷರ ಕಲಿತವನು ನಾನೇ ಮೊದಲು. ಕುಲುಮೆಯ ತಿದಿ ಒತ್ತುತ್ತ, ಮರಳ ಮೇಲೆ ತಿದ್ದಿ ಕಲಿತದ್ದು. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ನೀವೀಗ ಕಲ್ಲುಸೇತುವೆಯ ಮೇಲೆ, ಗಾಡಿಯಲ್ಲಿ ತೂಕಡಿಸುತ್ತಲೇ ಹೊಳೆ ದಾಟುತ್ತೀರಿ. ಗಾಡಿ ಸೇತುವೆ ಹತ್ತಿದ ಕೂಡಲೇ ನಿಮ್ಮ ದೊಡ್ಡಜ್ಜಿ ಮಾತು ನಿಲ್ಲಿಸಿ, ಬಲಗಾಲಿನ ಹಿಮ್ಮಡಿಯನ್ನು ಹಲಗೆಗೆ ಒತ್ತಿ ಹಿಡಿಯುತ್ತಾಳಲ್ಲ, ನೀವು ನಗುತ್ತೀರಲ್ಲ, ಅವಳೇ ನನ್ನ ಅಕ್ಕ. ಆಚೆ ದಡ ಬರುವವರೆಗೂ ಅವಳು ಕಾಲು ತೆಗೆಯುವುದಿಲ್ಲ.