ಚಂದ್ರಿ ಮುಖ ತಿರುಗಿಸಿದಳು

ನಂಬಿ ಅಂತ ನಾನು ಯಾರ ಕಾಲಿಗೂ ಬೀಳುವುದಿಲ್ಲ. ಈ ಕೈಗಳು ಮುಟ್ಟಿದ್ದನ್ನು ಹೇಳುತ್ತಿದ್ದೇನೆ, ಅಷ್ಟೇ. ಕುಡಿದಿದ್ದೆ ಎನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಆ ದಿನ ಮಧ್ಯಾಹ್ನದಿಂದ ಒಂದು ಲೋಟ ಚಹಾ ಬಿಟ್ಟು ಬೇರೇನೂ ಕುಡಿದಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಯಲಹಂಕ ದಾಟಿ ರಾಜಾನುಕುಂಟೆ ಕಡೆ ಹೋಗುವ ದಾರಿಯಲ್ಲಿ, ರೇಸ್ ಕುದುರೆ ಸಾಕುವ ಒಂದು ಫಾರಂನಲ್ಲಿ ಕೆಲಸಕ್ಕಿದ್ದೆ. ನನ್ನೂರು ಬಿಜಾಪುರದ ಕಡೆ. ಅಪ್ಪ ಟಾಂಗಾ ಕುದುರೆಗಳ ಬೆನ್ನು ಒತ್ತಿ, ಜರುಗಿದ ಮೂಳೆ ಕೂರಿಸುತ್ತಿದ್ದ. ಆ ವಿದ್ಯೆ ನನಗೂ ಬಂದಿತ್ತು. ಅಪ್ಪನದು ಒಂದೇ ಕಟ್ಟಪ್ಪಣೆ. ಮೊದಲು ಎರಡೂ ಅಂಗೈಯನ್ನು ಕುದುರೆಯ ಮೂಗಿಗೆ ಹಿಡಿಯಬೇಕು. ಮೂಸಿ ಸುಮ್ಮನೆ ನಿಂತರೆ ಮುಟ್ಟಬಹುದು, ಮುಖ ತಿರುಗಿಸಿದರೆ ಆ ದಿನ ಮುಟ್ಟಕೂಡದು.

ಅಲ್ಲಿ ಚಂದ್ರಿ ಎಂಬ ಬಿಳಿ ಹೆಣ್ಣು ಕುದುರೆಗೆ ಓಡುವಾಗ ಸೊಂಟ ಹಿಡಿದುಕೊಂಡಿತ್ತು. ಡಾಕ್ಟರು ಸೂಜಿ ಹಾಕಿ ಹಾಕಿ ಸಾಕಾಗಿ ಬಿಟ್ಟಿದ್ದರು. ಫಾರಂನ ಮೇಸ್ತ್ರಿ ಮುನಿಶಾಮಣ್ಣ, ಅದೇ ಊರಿನ ಬೇಸಾಯದ ಮನೆಯವರು, ನನ್ನನ್ನು ಕರೆದರು.

“ನೀನೊಂದ್ ಕೈ ನೋಡ್ಲಾ ಬಸಪ್ಪ. ನೆಟ್ಟಗೆ ನಿಂತ್ರೆ ಸಾಕು, ಮರಿ ಆಕ್ಕೊಂಡು ಇಲ್ಲೇ ಇರ್ತದೆ.”

“ಮತ್ತ ಓಡಸಬಾರ್ದು ಅಣ್ಣಾ. ಓಡಿಸಿದ್ರ ಬೆನ್ನ ಮುರೀತೈತಿ.”

“ಓಡ್ಸಲ್ಲ ಕಣ್ಲಾ. ನನ್ ಮಕ್ಳ ಆಣೆ!”

ಮೂರು ವಾರ ಹಿಡಿಯಿತು. ಬಿಸಿ ಉಪ್ಪಿನ ಶಾಖ, ಕರ್ಪೂರ ಹಾಕಿ ಕಾಯಿಸಿದ ಎಳ್ಳೆಣ್ಣೆ. ಬಕೆಟ್ ಬೋರಲು ಹಾಕಿ ಅದರ ಮೇಲೆ ನಿಂತು, ಬೆನ್ನುಮೂಳೆಯ ಎರಡೂ ಬದಿಗೆ ಹೆಬ್ಬೆರಳು ಊರಿ, ಅವಳು ಉಸಿರು ಬಿಡುವ ಹೊತ್ತು ನೋಡಿ ಒತ್ತುತ್ತಿದ್ದೆ. ಕೊನೆಗೊಂದು ದಿನ ಟಕ್ ಅಂತ ಕೂತಿತು. ಚಂದ್ರಿ ದೊಡ್ಡದಾಗಿ ಆಕಳಿಸಿ, ಗದ್ದ ತಂದು ನನ್ನ ಎಡ ಭುಜದ ಮೇಲಿಟ್ಟಳು. ಅಲ್ಲಿಂದ ನನ್ನನ್ನು ಕಂಡಾಗಲೆಲ್ಲ ಅದೇ ಅಭ್ಯಾಸವಾಯಿತು.

ಅಷ್ಟರಲ್ಲಿ ತಂಗಿಯ ಮದುವೆ ಬಂತು. ಮುನಿಶಾಮಣ್ಣನೇ ಯಶವಂತಪುರದವರೆಗೆ ಬಂದು ರೈಲು ಹತ್ತಿಸಿದರು. ಹದಿನೈದು ದಿನ ಬಿಟ್ಟು ಬಂದರೆ ಸಾಲಿನ ಕೊನೆಯಲ್ಲಿದ್ದ ಚಂದ್ರಿಯ ಲಾಯ ಖಾಲಿ.

“ಕೊಯಮತ್ತೂರ್ ಕಡೆ ತೋಟಕ್ಕೆ ಕಳ್ಸಿದೀವಿ ಕಣ್ಲಾ. ಅಸ್ರು ಉಲ್ಲು, ಒಳ್ಳೆ ನೀರು... ರಾಣಿ ಇದ್ದಂಗವ್ಳೆ.”

ಪೆದ್ದ ನಾನು, ಖುಷಿಪಟ್ಟೆ. ಆ ಹೊತ್ತಿನ ಊಟಕ್ಕೆ ಅವರ ಮನೆಯಲ್ಲೇ ಕೂತು ಮುದ್ದೆ ನುಂಗಿದೆ.

ಒಂದು ತಿಂಗಳು ಕಳೆದಿತ್ತು. ಏಳೂವರೆ ಇರಬೇಕು, ಕರೆಂಟು ಹೋಗಿತ್ತು. ಕುದುರೆಗಳಿಗೆ ಹುರುಳಿ ಹಾಕಿ ಮುಗಿಸಿದ್ದೆ. ಕೊನೆಯ ಲಾಯದಲ್ಲಿ ಗೊರಸು ಕೆರೆಯುವ ಸದ್ದು... ಕೆರ್... ಕೆರ್... ಉಳಿದ ಕುದುರೆಗಳು ಅಗಿಯುವುದನ್ನು ನಿಲ್ಲಿಸಿದವು.

ಒಳಗೆ ಹೋದೆ. ಕತ್ತಲಲ್ಲಿ ಬೆಳ್ಳಗೆ ನಿಂತಿದ್ದಳು. ಮೊದಲು ಕರ್ಪೂರದೆಣ್ಣೆಯ ವಾಸನೆ ಬಂತು, ಅದರ ಹಿಂದೆಯೇ ಹಸಿ ಮಣ್ಣಿನ ವಾಸನೆ. ಮಳೆ ಬಂದು ಎಷ್ಟೋ ದಿನವಾಗಿತ್ತು.

“ಚಂದ್ರಿ! ಯಾವಾಗ ಬಂದ್ಯವ್ವಾ?”

ಅಂಗೈ ಚಾಚಿದೆ. ಮೂಸಿದಳು. ಆ ಉಸಿರು... ಹಳೇ ಬಾವಿಯ ಬಾಯಿಗೆ ಕೈ ಹಿಡಿದಷ್ಟು ತಣ್ಣಗಿತ್ತು. ಆಮೇಲೆ ನಿಧಾನವಾಗಿ ಮುಖ ತಿರುಗಿಸಿದಳು.

ಅಪ್ಪನ ಮಾತು ನೆನಪಾಯಿತು. ಆದರೂ ಎಷ್ಟು ದಿನದ ಮೇಲೆ ಸಿಕ್ಕವಳು, ಲಾರಿಯಲ್ಲಿ ಬಂದ ಸುಸ್ತಿರಬೇಕು ಎಂದುಕೊಂಡು ಮುಟ್ಟಿಯೇ ಬಿಟ್ಟೆ. ಹೆಬ್ಬೆರಳು ಬೆನ್ನಿನ ಗುಂಟ ಸರಿಯಿತು. ನಾನು ಕೂರಿಸಿದ ಜಾಗಕ್ಕೆ ಬಂದಾಗ... ಮೂಳೆಯೇ ಸಿಗಲಿಲ್ಲ. ನಾಲ್ಕು ಬೆರಳು ಇಳಿಯುವಷ್ಟು ಸಂದು. ಬೆರಳು ಇಳಿಯಿತು ಕೂಡ. ಒಳಗೆ ಸಡಿಲ ಮಣ್ಣಿತ್ತು.

ಚೀರಿಕೊಂಡು ಹೊರಗೋಡಿದೆ. ಮುನಿಶಾಮಣ್ಣ ಲಾಟೀನು ಹಿಡಿದು ಬರುತ್ತಿದ್ದರು.

“ಅಣ್ಣಾ, ಚಂದ್ರಿ ಒಳಗ ನಿಂತಾಳ! ಆಕೀ ಬೆನ್ನ ಮುರದೈತಿ!”

ಅವರು ಲಾಟೀನು ಎತ್ತಿ ನನ್ನ ಮುಖಕ್ಕೆ ಹಿಡಿದರು. “ಬೆನ್ನು ಮುರ್ದಿದ್ದು... ಯಾರ್ಲಾ ಏಳಿದ್ದು ನಿಂಗೆ?”

ಕೊನೆಯ ಲಾಯದ ಕಡೆ ನೋಡಿದರು. ಆಮೇಲೆ ಪಿಸುಗುಟ್ಟಿದರು. “ಉಣಿಸೇಮರದ ತಾವ ನಾನೇ ಮಣ್ ಮಾಡಿದೀನಿ ಕಣ್ಲಾ. ಅವಳು ಎಂಗ್ ಬತ್ತಾಳೆ?”

ಉಳಿದದ್ದನ್ನೂ ಅವರೇ ಬಾಯಿಬಿಟ್ಟರು. ನಾನು ರೈಲು ಹತ್ತಿದ ಮೂರನೇ ದಿನಕ್ಕೇ ಚಂದ್ರಿಯನ್ನು ರೇಸಿಗೆ ಬಿಟ್ಟಿದ್ದರಂತೆ. ‘ಬಸಪ್ಪ ಕೈಯಿಟ್ಟಿದ್ದಾನೆ, ಏನೂ ಆಗಲ್ಲ’ ಅಂತ ಫಾರಂನ ಸಾಹುಕಾರರಿಗೆ ಧೈರ್ಯ ಹೇಳಿದ್ದು ಈ ಮನುಷ್ಯನೇ. ತಿರುವಿನಲ್ಲಿ ಬಿದ್ದವಳು ಏಳಲಿಲ್ಲ. ಮಕ್ಕಳ ಮೇಲೆ ಆಣೆ ಇಟ್ಟವನು, ಅದೇ ಕೈಯಿಂದ ನನಗೆ ಮುದ್ದೆ ಬಡಿಸಿದವನು! ಆ ಗಳಿಗೆಯಿಂದ ಅವನನ್ನು ಅಣ್ಣ ಎನ್ನಲು ನನಗೆ ಬಾಯಿ ಬಂದಿಲ್ಲ.

ಲಾಟೀನು ಕಿತ್ತುಕೊಂಡು ಲಾಯಕ್ಕೆ ನುಗ್ಗಿದೆ. ಖಾಲಿ. ನೆಲದ ಹುಲ್ಲು ಹಾಸಿದ ಹಾಗೇ ಇತ್ತು. ನನ್ನ ಉಗುರುಗಳಲ್ಲಿ ಮಾತ್ರ ಕೆಂಪು ಮಣ್ಣು... ಅದರ ಜೊತೆ ಒಂದೆರಡು ಬಿಳಿ ಕೂದಲು.

“ನನ್ನ ಕೈಲೇ ಆಕೀನ ನೆಟ್ಟಗ ನಿಲ್ಲಿಸಿ, ಕೊಂದ್ಯಲ್ಲೋ!” ಎಂದೆ. ಬೆಳಿಗ್ಗೆ ಬಟ್ಟೆಗಂಟು ಕಟ್ಟಿಕೊಂಡು ಹೊರಟೆ.

ಬೇರೆ ಫಾರಂಗೆ ಹೋದೆ, ಜಟಕಾದವರ ಹತ್ತಿರ ಹೋದೆ. ಯಾವ ಕುದುರೆಗೆ ಅಂಗೈ ಹಿಡಿದರೂ ಒಂದೇ... ಮೂಸುತ್ತದೆ, ಮುಖ ತಿರುಗಿಸುತ್ತದೆ. ಸೀಗೆಕಾಯಿ, ಬೂದಿ, ಸುಣ್ಣ, ಏನೇನು ಹಾಕಿ ತಿಕ್ಕಿದೆನೋ! ಕೊನೆಗೆ ಯಶವಂತಪುರದ ಒಂದು ಕಾರ್ಖಾನೆಯ ಗೇಟು ಕಾಯುವ ಕೆಲಸಕ್ಕೆ ಸೇರಿದೆ. ಮೋಸ ಮಾಡಿದ್ದು ಅವನು, ನಿಜ. ಆದರೆ ಚಂದ್ರಿಗೆ ಗುರುತಿದ್ದದ್ದು ನನ್ನ ಕೈ.

ಮೊನ್ನೆ ಒಂದು ಮದುವೆ ಮೆರವಣಿಗೆ ಗೇಟಿನ ಮುಂದೆ ನಿಂತಿತು. ಬಿಳಿ ಕುದುರೆ, ಬ್ಯಾಂಡಿನ ಗಲಾಟೆಗೂ ಕಿವಿ ಅಲುಗಿಸದ ಸಾಧು ಪ್ರಾಣಿ. ಮನಸ್ಸು ತಡೆಯಲಿಲ್ಲ, ಅಂಗೈ ಚಾಚಿದೆ. ಮೂಸಿತು... ನಿಧಾನವಾಗಿ ಮುಖ ತಿರುಗಿಸಿತು.

ಲಗಾಮು ಹಿಡಿದವನು ನನ್ನನ್ನೇ ನೋಡಿದ. “ಯಾರ್ಗೂ ಹಿಂಗ್ ಮಾಡಲ್ಲ ಇದು. ಏನ್ ಗುರು, ಕೈಯಲ್ಲಿ ಏನಿದೆ?”

“ಏನೂ ಇಲ್ಲಪ್ಪ” ಎಂದು ಕೈ ಜೇಬಿಗೆ ಹಾಕಿಕೊಂಡೆ.