ಉದ್ದ ಲೆನ್ಸಿನ ಗಂಗಾಲಕ್ಷ್ಮಿ

ಪಾವಗಡ ಬಳಿಯ ಬಲಸಮುದ್ರದ ಸಮುದಾಯ ಭವನದೊಳಗೆ ಇನ್ನೂ ಟ್ಯೂಬ್‌ಲೈಟಿನದೇ ಬೆಳಕು. ಹಿಂಬಾಗಿಲಿನಿಂದ ಉಪ್ಪಿಟ್ಟಿನ ಎಸರಿನ ಹಬೆ ನುಗ್ಗುತ್ತಿದೆ. ವಾಲಗದವರು ಗೋಡೆಗೆ ಒರಗಿ ತೂಕಡಿಸುತ್ತಿದ್ದಾರೆ. ಮಂಟಪಕ್ಕೆ ಬಾಳೆಕಂಬ ಕಟ್ಟುತ್ತಿರುವವರು ಹಗ್ಗಕ್ಕಾಗಿ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದಾರೆ. ಇದಾವುದರ ಗೊಡವೆಯೂ ಇಲ್ಲದೆ ಗಂಗಾಲಕ್ಷ್ಮಿ ಹಾಲ್‌ನ ಕೊನೆಯ ಕಂಬದ ಬಳಿ ಕ್ಯಾಮೆರಾ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾರೆ. ಬ್ಯಾಗಿನ ಜಿಪ್ ತೆಗೆದಿಲ್ಲ. ರಾತ್ರಿಯೆಲ್ಲ ಚಳಿ ಕುಡಿದ ಲೆನ್ಸನ್ನು ಒಮ್ಮೆಲೇ ಈ ಹಬೆಗೆ ಒಡ್ಡಿದರೆ ಗಾಜಿನ ಮೇಲೆ ಮಂಜು ಕೂರುತ್ತದೆ, ಒರೆಸಿದಷ್ಟೂ ಕೂರುತ್ತದೆ. ಬ್ಯಾಗಿನೊಳಗೇ ಅದು ನಿಧಾನವಾಗಿ ಬೆಚ್ಚಗಾಗಬೇಕು. ಮದುವೆ ಮನೆಯಲ್ಲಿ ಅವರಿಗೆ ಸಿಗುವ ಬಿಡುವು ಅಷ್ಟೇ.

"ಲೆನ್ಸಿಗೆ ರೆಸ್ಟು ಕಣಮ್ಮ, ನನಗಲ್ಲ," ಎಂದು ಪಕ್ಕದಲ್ಲಿ ಕುಳಿತ ನನಗೆ ಹೇಳುತ್ತಾ ಎಡಗೈಯಿಂದ ಬಲಭುಜವನ್ನು ಒತ್ತಿಕೊಳ್ಳುತ್ತಾರೆ. ನಿನ್ನೆ ಆರತಕ್ಷತೆ ಮುಗಿದ ಮೇಲೆ ಹೆಣ್ಣಿನ ಕೋಣೆಯ ಮೂಲೆಯಲ್ಲಿ, ಯಾರದೋ ಸೂಟ್‌ಕೇಸಿಗೆ ತಲೆ ಕೊಟ್ಟು ಮಲಗಿದ್ದವರು. ಕಣ್ಣಿನ ಕೆಳಗೆ ನಿದ್ದೆ ಇನ್ನೂ ಹಾಗೇ ಉಳಿದಿದೆ. ಮದುವೆ ತಿಂಗಳುಗಳಲ್ಲಿ ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡ ಎಂದು ಬಸ್ಸಿನಿಂದ ಬಸ್ಸಿಗೆ ಬ್ಯಾಗ್ ದಾಟಿಸುವುದೇ ಅವರ ದಿನಚರಿ. ಊಟಕ್ಕೆ ಕೊನೆಯ ಪಂಕ್ತಿ. ಮನೆಗೆ ಹೋಗಿ ಲೆನ್ಸಿನ ಬಳೆಯ ಸಂದಿಗೆ ಸಿಕ್ಕ ಅರಿಶಿನದ ಅಕ್ಕಿಕಾಳನ್ನು ಬಾಚಣಿಕೆ ಹಲ್ಲಿನಲ್ಲಿ ಎಬ್ಬಿಸುವ ಹೊತ್ತಿಗೆ ಮುಂದಿನ ಮದುವೆಯವರ ಫೋನ್ ಬಂದಿರುತ್ತದೆ.

ಬ್ಯಾಗಿನಲ್ಲಿ ಎರಡು ಲೆನ್ಸುಗಳಿವೆ. ಒಂದು ಗೇಣುದ್ದದ ಜೂಮ್. ಎತ್ತಿ ಹಿಡಿದರೆ ತುಂಬಿದ ತಂಬಿಗೆಯನ್ನು ತೋಳು ಚಾಚಿ ಹಿಡಿದ ಹಾಗೆ. ಇನ್ನೊಂದು ಟೀ ಲೋಟದಷ್ಟು ಚಿಕ್ಕದು. ಉದ್ದನೆಯದನ್ನು ಹಾಕಿದರೆ ಹಾಲ್‌ನ ಈ ತುದಿಯಲ್ಲಿ ನಿಂತು ಆ ತುದಿಯ ಮದುಮಗಳ ಮೂಗುತಿಯನ್ನೂ ತೆಗೆಯಬಹುದು. ಚಿಕ್ಕದರಲ್ಲಿ ತೆಗೆಯಬೇಕಾದರೆ ಕಾಲು ಮಂಟಪದ ಮೇಲೇ ಇರಬೇಕು.

ಈ ಕಡೆಯ ಊರುಗಳಲ್ಲಿ ಗಂಗಾಲಕ್ಷ್ಮಿಯವರಿಗೆ ಹೆಸರು ಬಂದಿರುವುದು ಉದ್ದನೆಯ ಲೆನ್ಸಿನಿಂದ. ಅದರಲ್ಲಿ ತೆಗೆದ ಫೋಟೋದಲ್ಲಿ ಗಂಡು ಹೆಣ್ಣಿನ ಮುಖ ಮಾತ್ರ ನಿಚ್ಚಳವಾಗಿದ್ದು, ಹಿಂದಿನ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಆಕಳಿಸುವ ನೆಂಟರು ಎಲ್ಲ ಕರಗಿ ಬಣ್ಣವಾಗಿಬಿಡುತ್ತಾರೆ. ಸಿರಾದಿಂದ ಹುಡುಗರು ಫೋನ್ ಮಾಡಿ, ಅಕ್ಕ, ನಮಗೂ ಹಿಂದೆಲ್ಲ ಬ್ಲರ್ ಮಾಡಿಕೊಡಿ, ಸಿನಿಮಾದಲ್ಲಿದ್ದ ಹಾಗೆ ಇರಬೇಕು ಎನ್ನುತ್ತಾರೆ. ಅವರು ಅಷ್ಟು ದೂರ ನಿಂತು ತೆಗೆಯುವುದು ಏಕೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅವರು ಮುಚ್ಚಿಡುವುದೂ ಇಲ್ಲ.

ಮಧುಗಿರಿಯ ಸ್ಟುಡಿಯೋ ಗಂಡ ಸುನಿಲ್‌ಕುಮಾರ್ ಅವರದಾಗಿತ್ತು. ಅವರು ಮದುವೆ ತೆಗೆದುಕೊಂಡು ಬರುತ್ತಿದ್ದರು, ಇವರು ಕಂಪ್ಯೂಟರ್ ಮುಂದೆ ಕುಳಿತು ಆಲ್ಬಂ ಜೋಡಿಸುತ್ತಿದ್ದರು. ಕೊರೊನಾದ ಎರಡನೇ ಅಲೆಯಲ್ಲಿ ಸುನಿಲ್‌ಕುಮಾರ್ ತೀರಿಕೊಂಡರು. ಒಪ್ಪಿಕೊಂಡಿದ್ದ ಮದುವೆಗಳು ಉಳಿದಿದ್ದವು. ಫೋಟೋ ನೋಡಿ ನೋಡಿ ಕೈಗೆ ಬಾರದಿದ್ದರೂ ಕಣ್ಣಿಗೆ ಬಂದಿದ್ದ ವಿದ್ಯೆ ಅದು. ಚಿಕ್ಕ ಲೆನ್ಸು ಹಾಕಿಕೊಂಡು ಕೊರಟಗೆರೆ ಕಡೆಯ ಒಂದು ಮದುವೆಗೆ ಹೋದರು. ಧಾರೆಗೆ ಸ್ವಲ್ಪ ಮುಂಚೆ ಹಿರಿಯರೊಬ್ಬರು ಪಕ್ಕಕ್ಕೆ ಕರೆದು, ತಾಯಿ, ಬೇಜಾರು ಮಾಡ್ಕೋಬೇಡಿ, ತಾಳಿ ಕಟ್ಟುವಾಗ ಮಾತ್ರ ನೀವು ಇಲ್ಲಿ ಬೇಡ ಎಂದರು.

"ಬೈದಿದ್ರೆ ನಾನೂ ಜಗಳ ಆಡ್ಬುಡ್ತಿದ್ದೆ," ಎನ್ನುತ್ತಾರೆ ಗಂಗಾಲಕ್ಷ್ಮಿ. "ಅವರು ಮೆಲ್ಲಗಂದ್ರು. ಮೆಲ್ಲಗಂದೋರಿಗೆ ಏನಂತ ತಿರುಗ್ಸಿ ಹೇಳಾನ?"

ಅಂದು ಮನೆಗೆ ಬಂದವರು ಗಂಡನ ಬೀರುವಿನಿಂದ ಉದ್ದನೆಯ ಜೂಮನ್ನು ಹೊರಗೆ ತೆಗೆದರು. ಮದುವೆಯಿಲ್ಲದ ಭಾನುವಾರಗಳಲ್ಲಿ ಮೈದನಹಳ್ಳಿಯ ಹುಲ್ಲುಗಾವಲಿಗೆ ಹೋಗಿ ಕೃಷ್ಣಮೃಗ ತೆಗೆಯಲೆಂದು ಸುನಿಲ್‌ಕುಮಾರ್ ಆಸೆಪಟ್ಟು ತಂದಿದ್ದ ಲೆನ್ಸು ಅದು. ಹೇಳುವಾಗ ಗಂಗಾಲಕ್ಷ್ಮಿಯವರ ಮುಖದಲ್ಲಿ ಸಣ್ಣ ನಗು. "ಹತ್ರ ಹೋದ್ರೆ ಜಿಂಕೆ ಓಡ್ತವೆ ಅಂತ ಅವರು ತಂದ್ರು. ನಾನು ಹತ್ರ ಹೋದ್ರೆ ನೆಂಟರು ಬೆದರ್ತಾರೆ. ಎರಡಕ್ಕೂ ಇದೇ ಲೆನ್ಸು."

ಈಗ ಆ ಲೆನ್ಸೇ ಭುಜವನ್ನು ತಿನ್ನುತ್ತಿದೆ. ಕೈ ಮೇಲೆತ್ತಿದರೆ ಕುತ್ತಿಗೆಯವರೆಗೆ ಸೆಳೆತ; ಜಡೆ ಹೆಣೆದುಕೊಳ್ಳಲೂ ಆಗುವುದಿಲ್ಲ. ತುಮಕೂರಿನ ಡಾಕ್ಟರು ಭಾರ ಎತ್ತುವುದನ್ನು ಬಿಡಿ ಎಂದಿದ್ದಾರೆ. ಕ್ಯಾಮೆರಾ ಅಂಗಡಿಯವರು ಉದ್ದನೆಯದನ್ನು ನಮಗೆ ಕೊಟ್ಟು ಹಗುರವಾದದ್ದು ತೆಗೆದುಕೊಳ್ಳಿ ಎನ್ನುತ್ತಾರೆ. ಹಗುರವಾದ ಲೆನ್ಸೆಂದರೆ ಹತ್ತಿರ ಹೋಗುವ ಲೆನ್ಸು. ಅಂಗಡಿಯವರಿಗೆ ಅದು ಗೊತ್ತಿಲ್ಲ.

ಇಂದಿನ ಮದುವೆ ಈ ತೂಕವನ್ನು ಇನ್ನೊಂದು ಬಗೆಯಲ್ಲಿ ಮುಂದಿಟ್ಟಿದೆ.

ಮದುಮಗಳು ಚಿತ್ರಾ ಪಾವಗಡದಲ್ಲಿ ನರ್ಸ್. ಚಿಕ್ಕಂದಿನಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡವಳು. ಸಾಕಿದ್ದು ತಾಯಿಯ ತಾಯಿ ಕರಿಯಕ್ಕ. ಕುರಿ ಹಿಂಡಿನ ಹಿಂದೆ ಬೆನ್ನಿಗೆ ಕಟ್ಟಿಕೊಂಡು ತಿರುಗಿದ್ದು, ಮಳೆ ಬಂದರೆ ಕಂಬಳಿಯೊಳಗೆ ಮುಚ್ಚಿಕೊಂಡು ಕುಳಿತದ್ದು, ಎಲ್ಲ ಈ ಅಜ್ಜಿಯೇ. ಕರಿಯಕ್ಕನೂ ಗಂಡನನ್ನು ಕಳೆದುಕೊಂಡವರು. ಮೊಮ್ಮಗಳ ಮುಹೂರ್ತದ ಹೊತ್ತಿಗೆ ಮಂಟಪದ ಕಡೆ ಸುಳಿಯುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದಾರೆ. ನಿನ್ನೆ ಮಧ್ಯಾಹ್ನ ಮೆಹಂದಿ ಒಣಗಿಸಿಕೊಳ್ಳುತ್ತಾ ಚಿತ್ರಾ ಎಷ್ಟು ಬೇಡಿದರೂ ಅಜ್ಜಿಯದು ಒಂದೇ ಉತ್ತರ. "ಸಾಕ್ದೋಳು ನಾನೇ, ಕೆಟ್ಟ ಗಳಿಗೆ ತರೋಳೂ ನಾನೇ ಆಗ್ಲಾ? ಸುಮ್ಕಿರೇ."

ಆಮೇಲೆ ಚಿತ್ರಾ ಗಂಗಾಲಕ್ಷ್ಮಿಯವರನ್ನು ಹತ್ತಿರ ಕರೆದಳು. ಎರಡೂ ಕೈಯಲ್ಲಿ ಮೆಹಂದಿ, ಮೂಗಿನ ತುದಿ ಕೆರೆಯುತ್ತಿತ್ತು, ಗಂಗಾಲಕ್ಷ್ಮಿ ಕೆರೆದುಕೊಟ್ಟರು. "ಅಕ್ಕ, ತಾಳಿ ಕಟ್ಟೋ ಫೋಟೋದಾಗೆ ನಮ್ಮಜ್ಜಿ ಇರ್ಬೇಕು. ಬೇರೆ ಫೋಟೋ ಅಲ್ಲ. ಅದೇ ಫೋಟೋದಾಗೆ," ಎಂದಳು.

ಉದ್ದನೆಯ ಲೆನ್ಸಿನಿಂದ ಇದು ಆಗದ ಮಾತು. ಅಜ್ಜಿ ಕೂರುವುದು ಈ ಕೊನೆಯ ಕಂಬದ ಬಳಿ. ಇಲ್ಲಿಂದ ತೆಗೆದರೆ ಚೌಕಟ್ಟಿನಲ್ಲಿ ಮಂಟಪ ಮಾತ್ರ ಬರುತ್ತದೆ, ಅಜ್ಜಿ ಕ್ಯಾಮೆರಾದ ಪಕ್ಕದಲ್ಲೇ ಉಳಿಯುತ್ತಾರೆ. ಬೇರೆಲ್ಲಿಂದ ತೆಗೆದರೂ ಅಜ್ಜಿ ಕರಗಿ ಬಣ್ಣವಾಗುತ್ತಾರೆ. ಇರುವುದು ಒಂದೇ ದಾರಿ. ಚಿಕ್ಕ ಲೆನ್ಸು ಹಾಕಿ, ಮಂಟಪ ಹತ್ತಿ, ಮದುಮಕ್ಕಳ ಬೆನ್ನ ಹಿಂದೆ ನಿಂತು ಹಾಲ್‌ನ ಕಡೆ ತಿರುಗಿ ತೆಗೆಯಬೇಕು. ಆಗ ಮುಂದೆ ತಾಳಿ, ದೂರದಲ್ಲಿ ಅಜ್ಜಿ, ಎರಡೂ ಸಿಗಬಹುದು. ಸಿಗಬಹುದು ಅಷ್ಟೇ. ಧಾರೆಯ ಹೊತ್ತಿಗೆ ಜನ ಎದ್ದು ನಿಲ್ಲುತ್ತಾರೆ. ಕುಳಿತ ಮುದುಕಿ ಅವರ ಹಿಂದೆ ಮುಚ್ಚಿಹೋದರೆ ಯಾವ ಲೆನ್ಸಿಗೂ ಕಾಣುವುದಿಲ್ಲ.

ವಿಡಿಯೋ ತೆಗೆಯುವ ಚಿಕ್ಕರಾಜು ಬಹಳ ವರ್ಷಗಳ ಜೊತೆಗಾರ. ಟ್ರೈಪಾಡ್ ಬಿಗಿ ಮಾಡುತ್ತಲೇ ಅವರು ತಮ್ಮ ಪರಿಹಾರ ಹೇಳುತ್ತಾರೆ.

"ಅಜ್ಜಿದೊಂದು ಫೋಟೋ ಬ್ಯಾರೆ ತಕ್ಕ. ಆಲ್ಬಂನಾಗೆ ಕಟ್ ಮಾಡಿ ಅಂಟ್ಸುದ್ರಾಯ್ತು ಬುಡಕ್ಕ. ಯಾರಿಗ್ ಗೊತ್ತಾಯ್ತದೆ?"

"ಅಜ್ಜಿಗೆ ಗೊತ್ತಾಯ್ತದೆ ಕಣ್ಲಾ."

ಚಿಕ್ಕರಾಜು ಟ್ರೈಪಾಡಿನ ಇನ್ನೊಂದು ಕಾಲಿಗೆ ಬಗ್ಗುತ್ತಾರೆ.

ಬೆಳಕು ಹರಿದಂತೆ ಹಾಲ್ ತುಂಬುತ್ತದೆ. ಚಿತ್ರಾಳನ್ನು ಧಾರೆ ಎರೆದು ಕೊಡಬೇಕಾದವರು ಕರಿಯಕ್ಕನ ಮಗ, ಸೋದರಮಾವ ಓಬಳಪ್ಪ. ಗಂಗಾಲಕ್ಷ್ಮಿ ಅವರ ಬಳಿ ಹೋಗಿ ಮುಹೂರ್ತದಲ್ಲಿ ಒಂದು ಗಳಿಗೆ ಮಂಟಪದ ಹಿಂಭಾಗದಲ್ಲಿ ನಿಲ್ಲಬಹುದೇ ಎಂದು ಕೇಳುತ್ತಾರೆ. ಓಬಳಪ್ಪ ಪಂಚೆಯ ಅಂಚನ್ನು ಸರಿಮಾಡಿಕೊಳ್ಳುತ್ತಾ, "ನಮ್ದೇನಿಲ್ಲ ಕಣಕ್ಕ. ಆದ್ರೆ ಗಂಡಿನ ಕಡೆಯೋರು..." ಎಂದು ಅಲ್ಲಿಗೇ ನಿಲ್ಲಿಸುತ್ತಾರೆ. ಬೇಡ ಎಂದೂ ಹೇಳಲಿಲ್ಲ, ಆಯಿತು ಎಂದೂ ಹೇಳಲಿಲ್ಲ. ಅರ್ಧಕ್ಕೆ ನಿಂತ ಇಂಥ ಮಾತನ್ನು ಹೊತ್ತುಕೊಂಡು ತಿರುಗುವುದು ಲೆನ್ಸು ಹೊತ್ತಷ್ಟೇ ಆಯಾಸ.

ತಾಳಿಯನ್ನು ತೆಂಗಿನಕಾಯಿಯ ಮೇಲಿಟ್ಟ ತಟ್ಟೆ ಹಿರಿಯರ ಆಶೀರ್ವಾದಕ್ಕೆಂದು ಸಾಲಿನಿಂದ ಸಾಲಿಗೆ ಸಾಗುತ್ತಿದೆ. ಒಬ್ಬೊಬ್ಬರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಕರಿಯಕ್ಕನ ಸಾಲು ಬಂದಾಗ ತಟ್ಟೆ ಹಿಡಿದಾಕೆ ಒಂದು ಕ್ಷಣ ತಡೆಯುತ್ತಾಳೆ. ಅಷ್ಟರಲ್ಲಿ ಅಜ್ಜಿ ತಾವೇ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಿರುತ್ತಾರೆ. ತಟ್ಟೆ ಮುಂದೆ ಹೋಗುತ್ತದೆ. ಅಕ್ಷತೆ ಹಂಚುವವನು ಮಾತ್ರ ಏನನ್ನೂ ನೋಡದೆ ಎಲ್ಲರಿಗೂ ಕೊಟ್ಟಂತೆ ಅವರಿಗೂ ಒಂದು ಹಿಡಿ ಕೊಡುತ್ತಾನೆ.

ಗಂಗಾಲಕ್ಷ್ಮಿ ಹಾಲ್‌ನ ಇನ್ನೊಂದು ಬದಿಯಿಂದ ಉದ್ದನೆಯ ಲೆನ್ಸಿನಲ್ಲಿ ಇದನ್ನೆಲ್ಲ ನೋಡುತ್ತಿದ್ದರು. ಗುಂಡಿ ಒತ್ತಲಿಲ್ಲ. ಲೆನ್ಸನ್ನು ತಿರುಗಿಸಿ ಬಿಚ್ಚಿ, ಮುಚ್ಚಳ ಹಾಕಿ ಬ್ಯಾಗಿಗೆ ಇಳಿಸಿದರು. ಚಿಕ್ಕದನ್ನು ಸಿಕ್ಕಿಸಿದಾಗ ಟಕ್ಕೆಂದು ಸಣ್ಣ ಸದ್ದಾಯಿತು. ಗೋಡೆಯ ಬದಿಯಿಂದ ಹೋಗಿ, ಚಪ್ಪಲಿ ಬಿಟ್ಟು ಮಂಟಪದ ಹಿಂದಿನ ಮೆಟ್ಟಿಲು ಹತ್ತಿ, ಬಾಳೆಕಂಬಕ್ಕೂ ಹೂವಿನ ಪರದೆಗೂ ನಡುವೆ ಮೈಯನ್ನು ಸಣ್ಣದು ಮಾಡಿಕೊಂಡು ನಿಂತರು.

ಪುರೋಹಿತರಾದ ನಾಗಲಿಂಗಯ್ಯನವರು ತಲೆ ಎತ್ತಿ ನೋಡಿ ಮತ್ತೆ ಮಂತ್ರಕ್ಕೆ ಮರಳುತ್ತಾರೆ. ಗಂಡಿನ ದೊಡ್ಡಪ್ಪ ಮಾತ್ರ ಎದ್ದು ಬರುತ್ತಾರೆ. ಗಡಿಯಾಚೆಯ ಆಂಧ್ರದವರು. "ಏಮಮ್ಮಾ, ಕೊಂಚೆಂ ಪಕ್ಕಕು ಜರುಗು," ಎಂದು, ಸ್ವಲ್ಪ ಸರಿ ಎಂಬಂತೆ ಕೈಯನ್ನೂ ಆಡಿಸುತ್ತಾರೆ. ಹೆಂಗಸೊಬ್ಬಳು ಅವರ ಕಿವಿಯಲ್ಲಿ ಏನೋ ಹೇಳುತ್ತಾಳೆ. ಅವರ ಮುಖದ ಬಣ್ಣ ಬದಲಾಗುತ್ತದೆ. ಇನ್ನೊಂದು ಹೆಜ್ಜೆ ಮುಂದಿಡುತ್ತಾರೆ. ಅಷ್ಟರಲ್ಲಿ ನಾಗಲಿಂಗಯ್ಯನವರ ಕೈ ಮೇಲೇಳುತ್ತದೆ. ಗಟ್ಟಿಮೇಳ, ಗಟ್ಟಿಮೇಳ.

ಡೋಲು ಬಡಿಯಲು ಶುರುವಾದ ಮೇಲೆ ಯಾರ ಮಾತೂ ಯಾರಿಗೂ ಕೇಳಿಸದು. ಅಕ್ಷತೆ ಮಳೆಯಂತೆ ಬೀಳುತ್ತದೆ. ಗಂಗಾಲಕ್ಷ್ಮಿ ಬಗ್ಗಿ, ಉಸಿರು ಹಿಡಿದು ತೆಗೆಯುತ್ತಾರೆ. ಮತ್ತೆ ತೆಗೆಯುತ್ತಾರೆ. ಮೂರನೇ ಗಂಟು ಬೀಳುವಷ್ಟರಲ್ಲಿ ಮುಗಿಯಿತು.

ಡೋಲು ನಿಂತ ಮೇಲೆ ಬಂದವರು ದೊಡ್ಡಪ್ಪನಲ್ಲ, ಓಬಳಪ್ಪ. ಅಕ್ಕ, ಇನ್ನು ಸ್ವಲ್ಪ ಆ ಕಡೆಯಿಂದಲೇ ತೆಗೆದುಬಿಡಿ ಎಂದರು, ನೆಲ ನೋಡುತ್ತಾ, ಮೆಲ್ಲಗೆ. ಗಂಗಾಲಕ್ಷ್ಮಿ ತಲೆಯಾಡಿಸಿ ಕೆಳಗಿಳಿದರು. ಚಪ್ಪಲಿ ಹುಡುಕಿಕೊಂಡು ಕೊನೆಯ ಕಂಬಕ್ಕೆ ಮರಳಿದರು. ಅಲ್ಲಿ ಕರಿಯಕ್ಕ ಕುಳಿತಿದ್ದಾರೆ, ಮುಷ್ಟಿ ಇನ್ನೂ ಬಿಗಿಯಾಗಿದೆ.

ಕ್ಯಾಮೆರಾದ ಪರದೆಯಲ್ಲಿ ಫೋಟೋ ತೋರಿಸುತ್ತಾರೆ. ಮದುಮಕ್ಕಳ ಮುಖವೇ ಇಲ್ಲದ ಫೋಟೋ. ಚಿತ್ರಾಳ ಬಾಗಿದ ಕುತ್ತಿಗೆ, ಮೊಗ್ಗಿನ ಜಡೆ, ಗಂಟು ಹಾಕುತ್ತಿರುವ ಬೆರಳುಗಳು. ಗಾಳಿಯಲ್ಲಿ ನಿಂತ ಅಕ್ಕಿ. ಹಾಲ್ ತುಂಬ ಎತ್ತಿದ ಕೈಗಳು, ತೆರೆದ ಬಾಯಿಗಳು, ಆಕಳಿಸುವ ಒಬ್ಬ ನೆಂಟ. ಎಲ್ಲರಾಚೆ, ಕೊನೆಯ ಕಂಬದ ಪಕ್ಕ, ಉಗುರಿನಷ್ಟು ಚಿಕ್ಕದಾಗಿ ಎದ್ದು ನಿಂತಿರುವ ಒಬ್ಬ ಮುದುಕಿ. ಕೈ ಎದೆಯ ಹತ್ತಿರ ಮುಷ್ಟಿ ಕಟ್ಟಿದೆ.

ಗಂಗಾಲಕ್ಷ್ಮಿ ಆ ಉಗುರಿನಷ್ಟನ್ನು ದೊಡ್ಡದು ಮಾಡಿ ತೋರಿಸುತ್ತಾರೆ. ಕರಿಯಕ್ಕ ಪರದೆಯನ್ನು ಮೂಗಿನ ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ನೋಡುತ್ತಾರೆ.

"ನಾನು ಎದ್ದಿದ್ನೇನವ್ವ?"

"ಎದ್ದಿದ್ರಿ ಅಜ್ಜಿ. ಕೂತಿದ್ರೆ ಸಿಗ್ತಿರಲಿಲ್ಲ."

"ನಂಗೆ ಗೊತ್ತೇ ಆಗ್ಲಿಲ್ಲ ಕಣವ್ವ."

ಅಜ್ಜಿ ಮುಷ್ಟಿ ಬಿಚ್ಚುತ್ತಾರೆ. ಅಕ್ಷತೆ ಬೆವರಿಗೆ ಅಂಗೈಗೇ ಅಂಟಿಕೊಂಡಿದೆ. ಒಂದೊಂದೇ ಕಾಳನ್ನು ಬಿಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾರೆ. ಗಂಗಾಲಕ್ಷ್ಮಿ ಅದನ್ನೂ ತೆಗೆಯಲಿಲ್ಲ. ಉದ್ದನೆಯ ಲೆನ್ಸನ್ನು ಮತ್ತೆ ಸಿಕ್ಕಿಸಿ, ಭುಜ ಕಚ್ಚಿದ್ದಕ್ಕೆ ಹಲ್ಲು ಕಚ್ಚಿ, ಆರತಿ ಬೆಳಗುತ್ತಿರುವ ಮಂಟಪದ ಕಡೆಗೆ ಎತ್ತಿ ಹಿಡಿದರು.

ಮಧ್ಯಾಹ್ನದ ಮಧುಗಿರಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿದೆ. ಹೊರಗೆ ಬಿಸಿಲಿಗೆ ಮುಖ ಕೊಟ್ಟ ಸೋಲಾರ್ ಫಲಕಗಳು ಮುಗಿಯದಷ್ಟು. ಚಿಕ್ಕರಾಜು ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ಮಲಗಿದ್ದಾರೆ. ತೊಡೆಯ ಮೇಲಿನ ಬ್ಯಾಗನ್ನು ಗಂಗಾಲಕ್ಷ್ಮಿ ಬಲಗಡೆಯಿಂದ ಎಡಕ್ಕೆ, ಎಡದಿಂದ ಬಲಕ್ಕೆ ಸರಿಸುತ್ತಾರೆ. ಇಂದಿನ ತಾಳಿ ಕಟ್ಟುವ ಫೋಟೋ ಬಗ್ಗೆ ಕೇಳಿದಾಗ, "ಫೋಕಸ್ಸು ಪರವಾಗಿಲ್ಲ. ಬೆಳಕು ಸ್ವಲ್ಪ ಕಮ್ಮಿ ಆಯ್ತು," ಎನ್ನುತ್ತಾರೆ. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ, "ಇವತ್ತು ಯಾರ್ನೂ ಬ್ಲರ್ ಮಾಡ್ಲಿಲ್ಲ," ಎನ್ನುತ್ತಾರೆ.

ನಾಳೆ ಸಿರಾ ಬಳಿ ಮದುವೆ. ಅಲ್ಲಿ ಎಲ್ಲಿ ನಿಲ್ಲಬೇಕಾಗುತ್ತದೆ ಎಂಬುದು ಹೋದ ಮೇಲೆ, ಯಾರಾದರೂ ಮೆಲ್ಲಗೆ ಬಂದು ಹೇಳಿದ ಮೇಲೆ ಗೊತ್ತಾಗಬೇಕು. ಹಾಗಾಗಿ ಎರಡೂ ಲೆನ್ಸು ಬ್ಯಾಗಿನಲ್ಲಿ ಇರಲೇಬೇಕು. ಉದ್ದನೆಯದನ್ನು ಅಂಗಡಿಗೆ ಕೊಡುವ ಮಾತು ಮುಂದಕ್ಕೆ ಹೋಗಿದೆ.

ಏನಾದರೂ ಆಸೆ ಇದೆಯೇ ಎಂದರೆ ಹೊಸ ಕ್ಯಾಮೆರಾದ ಹೆಸರು ಬರಬಹುದು ಅನ್ನಿಸುತ್ತದೆ. ಅವರು ಬ್ಯಾಗಿನ ಪಟ್ಟಿಯನ್ನು ಭುಜದಿಂದ ಇಳಿಸಿ ಕಣ್ಣು ಮುಚ್ಚುತ್ತಾರೆ.

"ಆ ಚಿಕ್ಕದೊಂದೇ ಲೆನ್ಸು ಹಾಕ್ಕಂಡು, ಬ್ಯಾಗು ಮನೇಲೇ ಬುಟ್ಟು, ಒಂದು ಮದುವೆಗೆ ಹೋಗ್ಬೇಕು ಕಣಮ್ಮ. ಒಂದೇ ಒಂದು."