ಸಿಂಕಿನ ಕೆಳಗಿನ ಲೋಟ

ಕರಿಯರ ಬಡಾವಣೆ ಸೊವೆಟೊದ ನಮ್ಮ ಬೀದಿಯ ಡಿಕೆಲೆದಿಯಮ್ಮ ಜೋಹಾನ್ಸ್‌ಬರ್ಗಿನ ಬಿಳಿಯರ ಮನೆಯೊಂದರಲ್ಲಿ ಬಟ್ಟೆ ಒಗೆದು, ನೆಲ ಒರೆಸಿಯೇ ಮುದುಕಿಯಾದವಳು. ಈಗ ಕಣ್ಣಿಗೆ ಪೊರೆ ಬಂದಿದೆ. ವರ್ಣಭೇದದ ವಿರುದ್ಧ ಹೋರಾಡಿ ಜೈಲು ಸೇರಿದ್ದ ನಮ್ಮ ನಾಯಕರ ಕಥೆಯನ್ನು ಭಾನುವಾರ ಚರ್ಚ್ ಮುಗಿದ ಮೇಲೆ ನಾನು ಅವಳಿಗೆ ಓದಿ ಹೇಳುತ್ತೇನೆ. ಅರ್ಧ ಪುಟಕ್ಕೇ ತೂಕಡಿಸುತ್ತಾಳೆ, ನಿಲ್ಲಿಸಿದರೆ ಬೈಯುತ್ತಾಳೆ.

ಆ ದಿನ ಜೈಲಿನ ಪುಟಗಳು ಬಂದವು. ಅಲ್ಲಿ ಬಣ್ಣ ನೋಡಿ ಊಟ ಹಾಕುತ್ತಿದ್ದರಂತೆ. ಕರಿಯ ಕೈದಿಗಳಿಗೆ ಬ್ರೆಡ್ಡೇ ಇಲ್ಲ.

“ನಮ್ಮ ಮೇಡಂ ಬ್ರೆಡ್ ಕೊಡೋಳು ಬಿಡು, ಹಿಂದಿನ ದಿನ ಉಳಿದದ್ದು,” ಎಂದಳು, ಊದಿದ ಕಾಲನ್ನು ಸ್ಟೂಲಿನ ಮೇಲಿಡುತ್ತ. “ಲೋಟ ಮಾತ್ರ ಬೇರೆ. ತಗಡಿಂದು. ಸಿಂಕಿನ ಕೆಳಗೆ, ಫಿನಾಯಿಲ್ ಪಕ್ಕ.”

ನನಗೆ ಮೈ ಉರಿಯಿತು. “ಅವಳ ಮುಖಕ್ಕೆ ಎಸೆದು ಬರ್ಬೇಕಿತ್ತು.”

“ಎಸೆದಿದ್ರೆ ನನ್ನ ಮಕ್ಕಳಿಗೆ ನಿಮ್ಮಪ್ಪ ಗಂಜಿ ಕಾಯಿಸ್ತಿದ್ನಾ? ಓದು ಮಾರಾಯ್ತಿ, ಸುಸ್ತಾಗಿದೆ.”

ನಾಯಕರು ಬಿಡುಗಡೆಯಾಗುವ ಪುಟದವರೆಗೂ ಓದಿದೆ. ಅವಳು ಕಣ್ಣೊರೆಸಿಕೊಂಡಳು.

“ಸದ್ಯ, ಅದೆಲ್ಲ ಮುಗೀತಲ್ಲ. ಟೀ ಕುಡಿಯೋಣ ಬಾ.”

ಕಪಾಟಿನಿಂದ ಹೂವಿನ ಚಿತ್ರದ ಪಿಂಗಾಣಿ ಕಪ್ಪು ತೆಗೆದು ನನ್ನ ಮುಂದಿಟ್ಟಳು. ಆಮೇಲೆ ಸೊಂಟ ಹಿಡಿದುಕೊಂಡು ಬಗ್ಗಿ, ತಾನೇ ದುಡಿದು ಕಟ್ಟಿಸಿದ ಮನೆಯ ಸಿಂಕಿನ ಕೆಳಗೆ ಕೈಹಾಕಿ, ತನ್ನ ತಗಡಿನ ಲೋಟಕ್ಕಾಗಿ ತಡಕಾಡಿದಳು.